ಒತ್ತಡ ಅಂದ್ರೆ...

"ಆಫೀಸಲ್ಲಿ ತುಂಬಾ ಒತ್ತಡ, ಬರೆಯೋಕೆ ಪುರುಸೊತ್ತಿಲ್ಲ" ಅನ್ನೋದು ನಮ್ಮ ಬ್ಲಾಗಿಗರ ಮಾಮೂಲಿ ಮಾತು. ಕೊನೇ ಓವರಿನಲ್ಲಿ 15 ರನ್ ಬೇಕಾದಾಗ ಬ್ಯಾಟ್ಸ್‌ಮನ್ ಮೇಲಿರೋದೂ ಒತ್ತಡವೇ. ವಿಜ್ಞಾನದಲ್ಲಿ ಮಾತ್ರ ಅದಕ್ಕೆ ಖಚಿತ ಅಳತೆ: ಬಲವನ್ನು ವಿಸ್ತೀರ್ಣದಿಂದ ಭಾಗಿಸಬೇಕು. ಸಮುದ್ರಮಟ್ಟದಲ್ಲಿ ಗಾಳಿ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರನ್ನೂ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತದೆ. ಆದರೂ ನಾವು ಅಪ್ಪಚ್ಚಿಯಾಗೋಲ್ಲ, ಯಾಕಂದ್ರೆ ಒಳಗಿನಿಂದಲೂ ಅಷ್ಟೇ ಒತ್ತಡ ಇರುತ್ತೆ.

ಈ ಒಳಗಿನ ಒತ್ತಡ ಅಂದಾಗ ನನಗೆ ನೆನಪಾಗೋದು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ. ಹುಟ್ಟಿದ್ದು 1911ರಲ್ಲಿ. ಉಪ್ಪಿನ ಮೇಲೂ ತೆರಿಗೆ ಹೇರಿದ್ದ ಬ್ರಿಟಿಷ್ ಸರ್ಕಾರದ ವಿರುದ್ಧ 1930ರಲ್ಲಿ ಗಾಂಧೀಜಿ ದಂಡಿಗೆ ಹೊರಟಾಗ, ಹದಿನೆಂಟರ ಈ ಹುಡುಗ ಸಾಬರಮತಿಯಿಂದಲೇ ಜೊತೆಗೆ ನಡೆದ. ಸುಮಾರು 240 ಮೈಲಿ! ಹೊರಟ ತಂಡದಲ್ಲಿದ್ದ ಕನ್ನಡಿಗ ಇವರೊಬ್ಬರೇ.

1942ರ ಚಳವಳಿಯಲ್ಲಿ ಅವರ ಗುಂಪು ಒತ್ತಿದ್ದು ಸರ್ಕಾರದ ಜೀವಾಳವಾದ ಕಂದಾಯವನ್ನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹದೇವಪ್ಪನವರಿಗಿನ್ನೂ 31 ವರ್ಷ.

ಹಾವೇರಿ ರೈಲು ನಿಲ್ದಾಣಕ್ಕೆ ಈಗ ಅವರದೇ ಹೆಸರು. ಆ ಕಡೆ ಹೋದರೆ ಬೋರ್ಡ್ ಮುಂದೆ ಒಂದು ನಿಮಿಷ ನಿಲ್ಲಿ. ಎಷ್ಟೇ ಒತ್ತಡ ಇರಲಿ, ಅಷ್ಟು ಪುರುಸೊತ್ತು ಸಿಗುತ್ತೆ, ಅಲ್ವಾ?