12345654321

12345654321 (1234 ಕೋಟಿ 56 ಲಕ್ಷ 54 ಸಾವಿರದ 321) ಹನ್ನೊಂದು ಅಂಕಿಗಳ ಬೆಸ ಪೂರ್ಣಾಂಕ. ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ ಆಗಿರುತ್ತದೆ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಈ ಸಂಖ್ಯೆಯು ಗುಣಾಕಾರದ ಉದಾಹರಣೆಯೊಂದರ ಗುಣಲಬ್ಧವಾಗಿದೆ: 27994681 × 441. ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ಆತ ಇದನ್ನು ಬಣ್ಣಿಸುತ್ತಾನೆ. ಇಂತಹ ಲೆಕ್ಕದಲ್ಲಿ ಉತ್ತರವೇ ತಾಳೆಯೂ ಹೌದು. ಒಂದು ಅಂಕಿ ತಪ್ಪಿದರೂ ಏರಿಳಿತದ ಕ್ರಮ ಕೆಡುತ್ತದೆ.

ಗುಣ್ಯ, ಗುಣಕಗಳೆರಡೂ ಪೂರ್ಣ ವರ್ಗಗಳು: 27994681 = 5291², 441 = 21². ಆದ್ದರಿಂದ ಗುಣಲಬ್ಧವೂ ವರ್ಗವೇ; ಅದರ ವರ್ಗಮೂಲ 5291 × 21 = 111111. ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತವೆ. ಹೀಗಾಗಿ ಕಂಬಸಾಲುಗಳಲ್ಲಿ ಕ್ರಮವಾಗಿ 1, 2, 3 ಎಂದು ಆರರವರೆಗೆ ಒಂದುಗಳು ಕೂಡಿ ಬಳಿಕ ಕಡಿಮೆಯಾಗುತ್ತವೆ. ದಶಕ ಎಲ್ಲಿಯೂ ಬರುವುದಿಲ್ಲ. ಒಂಬತ್ತು ಒಂದುಗಳವರೆಗೂ ಈ ವಿನ್ಯಾಸ ಉಳಿಯುತ್ತದೆ. ಹತ್ತು ಒಂದುಗಳ ವರ್ಗವಾದ 1234567900987654321ರಲ್ಲಿ ದಶಕ ಬಂದು ವಿನ್ಯಾಸ ಮುರಿಯುತ್ತದೆ. ದಶಮಾನವಲ್ಲದೆ, ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರದಲ್ಲಿ ಬರೆದರೂ 12345654321 ವರ್ಗಸಂಖ್ಯೆಯೇ.

ಇದರ ಅವಿಭಾಜ್ಯ ಅಪವರ್ತನ 3² × 7² × 11² × 13² × 37². ಭಾಜಕಗಳ ಸಂಖ್ಯೆ 243. ಅಂಕಿಗಳ ಮೊತ್ತ 36. ಅದೂ ಒಂದು ವರ್ಗ.