ಚೀಟಿ ಎತ್ತಿದರೆ ನ್ಯಾಯವೇ? ಕಲಬುರಗಿ ಸೀಮೆಯ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ವೇಳಾಪಟ್ಟಿ: ಒಂದು ಪರಿಶೀಲನೆ

ಸಾರಾಂಶ

ಎಲ್ಲರೆದುರು ಚೀಟಿ ಎತ್ತಿ ತಂಡಗಳನ್ನು ಜೋಡಿಸಿದರೆ ಪಂದ್ಯಾವಳಿಗೆ ನ್ಯಾಯ ಸಂದಂತೆ ಎಂಬ ನಂಬಿಕೆ ನಮ್ಮ ಕಾಲೇಜು ಕ್ರೀಡಾವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಚೀಟಿ ಹೆಸರುಗಳನ್ನು ಸಮಾನವಾಗಿ ಕಾಣುತ್ತದೆ, ನಿಜ. ಆದರೆ ಬೈ (ಮೊದಲ ಸುತ್ತು ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ), ಸೀಡಿಂಗ್, ಪಂದ್ಯದ ಹೊತ್ತು ಮತ್ತು ಬಸ್ಸಿನ ದಾರಿ ಇವು ಚೀಟಿಯ ಹಿಡಿತಕ್ಕೆ ಸಿಗುವುದಿಲ್ಲ. 11 ತಂಡಗಳ ಒಂದು ಮಾದರಿ ಪಂದ್ಯಾವಳಿಯನ್ನು ಲೆಕ್ಕ ಹಾಕಿ, ರೂಢಿಯ 'ನಾಕೌಟ್ ಕಂ ಲೀಗ್' ಪದ್ಧತಿಯನ್ನು ಗುಂಪು ಪದ್ಧತಿಯೊಂದಿಗೆ ಹೋಲಿಸುವುದು ಈ ಲೇಖನದ ಕೆಲಸ. ಎರಡಕ್ಕೂ ತಗಲುವುದು 13 ಪಂದ್ಯಗಳೇ. ಅಷ್ಟೇ ಪಂದ್ಯಗಳಲ್ಲಿ ಗುಂಪು ಪದ್ಧತಿಯು ಅವಕಾಶದ ಅಂತರವನ್ನು ತಗ್ಗಿಸುತ್ತದೆ. ಜೊತೆಗೆ, ಕಮಲಾಪುರದಂಥ ನಡುದೂರದ ಊರಿನ ತಂಡಗಳ ಸಮಸ್ಯೆಗೆ ಬೇರೆಯದೇ ಪರಿಹಾರ ಬೇಕು ಎಂಬುದು ಇಲ್ಲಿಯ ವಾದ.

ಪ್ರಮುಖ ಪದಗಳು: ವೇಳಾಪಟ್ಟಿ, ಬೈ, ಸೀಡಿಂಗ್, ಗುಂಪು ಪದ್ಧತಿ, ನಡುದೂರ, ಕಲಬುರಗಿ, ಕಮಲಾಪುರ

1. ಪೀಠಿಕೆ

ಪಂದ್ಯಾವಳಿಯ ಹಿಂದಿನ ಸಂಜೆಯೋ ಅದೇ ಬೆಳಗ್ಗೆಯೋ ಮ್ಯಾನೇಜರುಗಳ ಸಭೆ ಸೇರುತ್ತದೆ. ಕಾಲೇಜಿನ ಹೆಸರು ಬರೆದ ಚೀಟಿಗಳನ್ನು ಮಡಚಿ ಒಂದು ಡಬ್ಬಿಗೆ ಹಾಕುತ್ತಾರೆ. ಪಕ್ಕದಲ್ಲಿ ನಿಂತ ಹುಡುಗನೊಬ್ಬನನ್ನು ಕರೆದು ಎತ್ತಿಸುತ್ತಾರೆ. ಒಂದೊಂದೇ ಹೆಸರು ಡ್ರಾ ಹಾಳೆಯ ಗೆರೆಗಳ ಮೇಲೆ ಕೂರುತ್ತದೆ. 'ಬೈ ಬಂತು' ಎಂದು ಒಬ್ಬರು ನಗುತ್ತಾರೆ, 'ಮೊದಲ ಮ್ಯಾಚೇ ನಮ್ಮದು' ಎಂದು ಇನ್ನೊಬ್ಬರು ಹಣೆ ಒರೆಸಿಕೊಳ್ಳುತ್ತಾರೆ. ಯಾರೂ ತಕರಾರು ಎತ್ತುವುದಿಲ್ಲ. ಚೀಟಿಗೆ ಪಕ್ಷಪಾತವಿಲ್ಲವಲ್ಲ!

ತಕರಾರು ಇಲ್ಲ ಎಂದಾಕ್ಷಣ ಅನ್ಯಾಯವೂ ಇಲ್ಲ ಎನ್ನಲಾಗದು. ಚೀಟಿ ಎತ್ತುವ ಮುನ್ನಿನ ಸಮಾನತೆ ಒಂದು, ಎತ್ತಿದ ನಂತರ ಉಳಿಯುವ ಸಮಾನತೆ ಮತ್ತೊಂದು. ಮೊದಲನೆಯದನ್ನು ಕಾಯಲು ನಾವು ಡಬ್ಬಿ, ಸಾಕ್ಷಿ, ಸಹಿ ಎಲ್ಲವನ್ನೂ ಇಟ್ಟಿದ್ದೇವೆ. ಎರಡನೆಯದನ್ನು ಅಳೆಯುವ ಗೊಡವೆಗೆ ಹೋದವರು ಕಡಿಮೆ. ಈ ಅಳತೆಗೆ ಕಲಬುರಗಿ ನಗರ ಮತ್ತು ಕಮಲಾಪುರದ ನಡುವಿನ ದಾರಿಯನ್ನು ಇಲ್ಲಿ ನೆಲೆಯಾಗಿ ಇಟ್ಟುಕೊಳ್ಳಲಾಗಿದೆ.

2. ಅಮೆರಿಕದ ಕಾನ್ಫರೆನ್ಸ್, ನಮ್ಮ ಅಂತರ ಕಾಲೇಜು

ಕಾಲೇಜು ಬ್ಯಾಸ್ಕೆಟ್‌ಬಾಲಿನ ವೇಳಾಪಟ್ಟಿಯನ್ನು ಗಣಿತದ ಸಮಸ್ಯೆಯಾಗಿ ಕಂಡವರಲ್ಲಿ ಜಾರ್ಜ್ ನೆಮ್ಹೌಸರ್ ಮತ್ತು ಮೈಕೆಲ್ ಟ್ರಿಕ್ ಪ್ರಮುಖರು. ಅಮೆರಿಕದ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ ಆಗ 9 ವಿಶ್ವವಿದ್ಯಾಲಯಗಳಿದ್ದವು. ಪ್ರತಿ ತಂಡವೂ ಉಳಿದ ಎಂಟರೊಡನೆ ತನ್ನ ಅಂಗಳದಲ್ಲಿ ಒಮ್ಮೆ, ಎದುರಾಳಿಯ ಅಂಗಳದಲ್ಲಿ ಒಮ್ಮೆ ಆಡಬೇಕು. ಅಂದರೆ ತಂಡಕ್ಕೆ 16, ಒಟ್ಟು 72 ಪಂದ್ಯ. ಇವರಿಬ್ಬರು ರಚಿಸಿದ ಪಟ್ಟಿಯನ್ನು ಕಾನ್ಫರೆನ್ಸು 1997-98ರ ಋತುವಿಗೆ ಒಪ್ಪಿಕೊಂಡಿತು. ಎಲ್ಲರೂ ಎಲ್ಲರೊಡನೆ ಎರಡು ಸಲ ಆಡುತ್ತಿದ್ದ ಆ ಕಾಲದಲ್ಲಿ ಎದುರಾಳಿಗಳ ವಿಷಯದಲ್ಲಿ ತಾರತಮ್ಯವಿರಲಿಲ್ಲ. ಮನೆಯಂಗಳದ ಪಂದ್ಯಗಳ ಸರದಿ ಮತ್ತು ಬಿಡುವಿನ ಹಂಚಿಕೆಯಷ್ಟೇ ಕಗ್ಗಂಟಾಗಿತ್ತು. 2024ರಲ್ಲಿ ಅದೇ ಕಾನ್ಫರೆನ್ಸು 18 ಸದಸ್ಯರಿಗೆ ಬೆಳೆಯಿತು. ಪೂರ್ವ ಕರಾವಳಿಯ ಹೆಸರು ಹೊತ್ತ ಕೂಟಕ್ಕೆ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಕೂಡ ಸೇರಿತು. ಈಗ ಎಲ್ಲರೊಡನೆ ಎರಡೆರಡು ಸಲ ಆಡಲು ತಂಡಕ್ಕೆ 34 ಪಂದ್ಯ ಬೇಕು. ಅದು ಆಗದ ಮಾತು. ಹೀಗಾಗಿ ಯಾರಿಗೆ ಸುಲಭದ ಎದುರಾಳಿ, ಯಾರಿಗೆ ಕಠಿಣ ಎದುರಾಳಿ ಎಂಬ ಜಗಳ ಅಲ್ಲಿ ಪ್ರತಿವರ್ಷ ಏಳುತ್ತದೆ.

ನಮ್ಮಲ್ಲಿ ಋತುವಿಡೀ ನಡೆಯುವ ಕಾನ್ಫರೆನ್ಸ್ ಇಲ್ಲ. ವಿಶ್ವವಿದ್ಯಾಲಯದ ವ್ಯಾಪ್ತಿಯೇ ನಮ್ಮ ಕಾನ್ಫರೆನ್ಸು, ಆತಿಥ್ಯ ವಹಿಸಿದ ಕಾಲೇಜಿನ ಅಂಗಳವೇ ಎಲ್ಲರ ಅಂಗಳ, ಎರಡು ದಿನವೇ ಋತು. ಆ ಎರಡು ದಿನದ ಆಟ ನೋಡಿ ವಿಶ್ವವಿದ್ಯಾಲಯದ ತಂಡ ಆಯ್ಕೆಯಾಗುತ್ತದೆ, ಆ ತಂಡ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಪಂದ್ಯಾವಳಿಗೆ ಹೋಗುತ್ತದೆ. ಅಮೆರಿಕದಲ್ಲಿ ಜಗಳ ಇರುವುದು ಯಾರೊಡನೆ ಆಡಬೇಕೆಂಬುದರ ಮೇಲೆ. ಇಲ್ಲಿ ಕೇಳಬೇಕಾದ್ದು ಎಷ್ಟು ಹೊತ್ತಿಗೆ, ಎಷ್ಟು ಸಲ, ಯಾವ ದಾರಿ ಸವೆಸಿ ಬಂದು ಆಡಬೇಕು ಎಂಬುದನ್ನು.

ವ್ಯಾಪ್ತಿಯ ಕತೆಯೂ ಗಮನಾರ್ಹ. 1970ರಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಗುಲಬರ್ಗಾ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಬೀದರಿನಿಂದ ಬಳ್ಳಾರಿವರೆಗೆ ಅದರ ಸೀಮೆ ಹರಡಿತ್ತು. 2010ರಲ್ಲಿ ಬಳ್ಳಾರಿ, ಕೊಪ್ಪಳಗಳು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದವು. ಮುಂದೆ ರಾಯಚೂರು, ಯಾದಗಿರಿಗಳಿಗೆ ರಾಯಚೂರು ವಿಶ್ವವಿದ್ಯಾಲಯ ಬಂತು, 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಆರಂಭವಾಯಿತು. ನಕ್ಷೆ ಕುಗ್ಗಿದಂತೆ ದೂರದ ತಂಡಗಳ ಸಮಸ್ಯೆ ತೀರಿತು ಎಂದು ಮೇಲ್ನೋಟಕ್ಕೆ ತೋರುತ್ತದೆ. ಅದು ತೀರಲಿಲ್ಲ, ವೇಷ ಬದಲಿಸಿತು. ಈ ಮಾತಿಗೆ ನಾಲ್ಕನೆಯ ಭಾಗದಲ್ಲಿ ಮರಳುತ್ತೇನೆ.

3. ಬೈ ಎಂಬ ಬಳುವಳಿ

ಪಂದ್ಯಾವಳಿಗೆ 11 ತಂಡಗಳು ಬಂದಿವೆ ಎಂದಿಟ್ಟುಕೊಳ್ಳೋಣ. ನಾಕೌಟ್ ಹಾಳೆ 16ರ ಗೆರೆಗಳದ್ದು, ಆದ್ದರಿಂದ 5 ಬೈ. ಮೊದಲ ಸುತ್ತಿನಲ್ಲಿ 6 ತಂಡಗಳು 3 ಪಂದ್ಯ ಆಡುತ್ತವೆ. ಗೆದ್ದ 3 ತಂಡಗಳು ಬೈ ಪಡೆದ 5ರೊಡನೆ ಕೂಡಿ ಎಂಟಾಗುತ್ತವೆ. ಮತ್ತೆ 4 ಪಂದ್ಯ ನಡೆದು ನಾಲ್ವರು ಉಳಿಯುತ್ತಾರೆ. ಆ ನಾಲ್ವರಲ್ಲಿ ಲೀಗ್, ಅಂದರೆ 6 ಪಂದ್ಯ. ಒಟ್ಟು 13.

ಎಲ್ಲ ತಂಡಗಳೂ ಸಮಬಲದವು ಎಂದು ಭಾವಿಸಿದರೆ, ಬೈ ಪಡೆದ ತಂಡ ಕೊನೆಯ ನಾಲ್ವರಲ್ಲಿ ಸೇರುವ ಸಾಧ್ಯತೆ 1/2. ಬೈ ಇಲ್ಲದ ತಂಡದ್ದು 1/4. ಆಟದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಎರಡು ತಂಡಗಳ ನಡುವೆ ಒಂದು ಹಾಳೆ ಇಮ್ಮಡಿ ಅಂತರ ಹುಟ್ಟಿಸಿತು. ದಣಿವಿನ ಲೆಕ್ಕವನ್ನು ಇದರಲ್ಲಿ ಇನ್ನೂ ಸೇರಿಸಿಲ್ಲ. ಲೀಗಿಗೆ ಬಂದ ತಂಡಗಳಲ್ಲಿ ಬೈ ಪಡೆದದ್ದು ಒಟ್ಟು 4 ಪಂದ್ಯ ಆಡಿದರೆ, ಪಡೆಯದ್ದು 5 ಆಡಬೇಕು, ಅದೂ ಎರಡೇ ದಿನದಲ್ಲಿ.

ಇದು ಅದೃಷ್ಟ, ಯಾರಿಗಾದರೂ ಬರಬಹುದು ಎಂಬ ಸಮಾಧಾನ ಅರ್ಧ ಸತ್ಯ. ನಮ್ಮ ದೈಹಿಕ ಶಿಕ್ಷಣ ಪಠ್ಯಗಳು ಕಲಿಸುವ ಕ್ರಮದಲ್ಲಿ ಮೊದಲ ಬೈ ಕೆಳ ಅರ್ಧದ ಕೊನೆಯ ಸ್ಥಾನಕ್ಕೆ, ಎರಡನೆಯದು ಮೇಲರ್ಧದ ಮೊದಲ ಸ್ಥಾನಕ್ಕೆ ಹೋಗುತ್ತದೆ. ಸೀಡ್ ಪಡೆದ ಇಬ್ಬರನ್ನು, ಅಂದರೆ ಸಾಮಾನ್ಯವಾಗಿ ಕಳೆದ ವರ್ಷದ ವಿಜೇತ ಮತ್ತು ರನ್ನರ್ ಅಪ್ ತಂಡಗಳನ್ನು, ಕೂರಿಸುವುದೂ ಅವೇ ಎರಡು ಸ್ಥಾನಗಳಲ್ಲಿ. ಬಲಿಷ್ಠರು ಮೊದಲೇ ಎದುರಾಗಬಾರದು ಎಂಬ ಸದುದ್ದೇಶದ ಸೀಡಿಂಗ್ ಹೀಗೆ ಬೈಯನ್ನೂ ಜೊತೆಗೆ ತಂದುಕೊಡುತ್ತದೆ. ಉಳಿದ 3 ಬೈಗಳಿಗೆ 9 ತಂಡಗಳು ಚೀಟಿ ಎತ್ತುತ್ತವೆ. ಚೀಟಿಗೆ ಮುನ್ನವೇ ಸೀಡ್ ತಂಡದ ಸಾಧ್ಯತೆ 1/2, ಉಳಿದ ಪ್ರತಿ ತಂಡದ್ದು 1/3. ಡಬ್ಬಿಯೊಳಗಿನ ಒಂಬತ್ತು ಚೀಟಿಗಳ ನಡುವೆ ನ್ಯಾಯವಿದೆ. ಡಬ್ಬಿಗೆ ಬೀಳದ ಎರಡು ಹೆಸರುಗಳ ಎದುರು ಅದು ಇಲ್ಲ.

4. ಕಮಲಾಪುರದ ದೂರ

ಕೆಂಪು ಬಾಳೆಗೆ ಹೆಸರಾದ ಕಮಲಾಪುರ 2018ರಲ್ಲಿ ತಾಲ್ಲೂಕಾಯಿತು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ನಕ್ಷೆ ನೋಡಿ ಪಟ್ಟಿ ಹಾಕುವವರಿಗೆ ಇದು ದೂರವೇ ಅಲ್ಲ. 'ಬೆಳಗ್ಗೆ ಹೊರಟರೆ ಬರ್ತಾರ' ಎಂದು ಮೊದಲ ಪಂದ್ಯಕ್ಕೆ ಹಾಕಿಬಿಡುತ್ತಾರೆ.

ಹೊರಡುವುದು ಎಲ್ಲಿಂದ ಎಂಬುದು ಪ್ರಶ್ನೆ. ತಾಲ್ಲೂಕು ಕೇಂದ್ರದ ಕಾಲೇಜಿನ ಆಟಗಾರರ ಮನೆಗಳು ಸುತ್ತಲ ಹಳ್ಳಿಗಳಲ್ಲೂ ಇರುತ್ತವೆ. ಅಂಥ ಹುಡುಗ ಮೊದಲು ಊರಿನ ಬಸ್ಸು ಹಿಡಿದು ಕಮಲಾಪುರಕ್ಕೆ ಬರಬೇಕು. ಅಲ್ಲಿ ಹುಮನಾಬಾದ್ ಕಡೆಯಿಂದ ತುಂಬಿಕೊಂಡು ಬರುವ ಬಸ್ಸಿಗೆ ಕಾಯಬೇಕು. ಕಿಟ್ ಚೀಲವನ್ನು ಕಾಲ ನಡುವೆ ಇಟ್ಟು ನಿಂತೇ ಹೊರಟರೆ ಮಹಾಗಾಂವ್ ಕ್ರಾಸಿನಲ್ಲಿ ಇನ್ನಷ್ಟು ಜನ ಹತ್ತುತ್ತಾರೆ. ಕಲಬುರಗಿಯ ಬಸ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದು ಅಂಗಳ ಸೇರುವ ಹೊತ್ತಿಗೆ ಆತಿಥೇಯ ತಂಡದ ವಾರ್ಮ್ ಅಪ್ ಮುಗಿದಿರುತ್ತದೆ. 35 ಕಿ.ಮೀ. ಎಂಬ ಅಂಕಿ ಅಳೆದದ್ದು ರಸ್ತೆಯನ್ನು, ಹುಡುಗನ ಬೆಳಗನ್ನಲ್ಲ.

ಇಲ್ಲಿ ಒಂದು ವಿಪರ್ಯಾಸವಿದೆ. ನಗರದ ತಂಡ ಮನೆಯಲ್ಲೇ ಮಲಗುತ್ತದೆ. ಬಹುದೂರದ ತಂಡ ಹಿಂದಿನ ರಾತ್ರಿಯೇ ಬಂದು ತಂಗುತ್ತದೆ, ಸೌಕರ್ಯ ಹೇಗೇ ಇರಲಿ, ಬೆಳಗ್ಗೆ ಅಂಗಳದ ಪಕ್ಕದಲ್ಲಿ ಏಳುತ್ತದೆ. ನಡುದೂರದ ತಂಡಕ್ಕೆ ಎರಡೂ ಇಲ್ಲ. ತಂಗಲು ಕೇಳಿದರೆ 'ಇಷ್ಟು ಹತ್ತಿರ ಇದ್ದೀರಿ' ಎಂಬ ಉತ್ತರ, ತಡವಾದರೆ 'ಯಾಕೆ ಬೇಗ ಹೊರಡಲಿಲ್ಲ' ಎಂಬ ಪ್ರಶ್ನೆ. ಎರಡು ದಿನವೂ ಹೋಗಿ ಬರುವ ದಣಿವು ಅದರ ಪಾಲಿಗೆ. ಮೊದಲು ಬಳ್ಳಾರಿ, ರಾಯಚೂರಿನ ತಂಡಗಳು ತಂಗಲೇಬೇಕಿತ್ತು. ವಿಶ್ವವಿದ್ಯಾಲಯದ ವ್ಯಾಪ್ತಿ ಜಿಲ್ಲೆಯ ಮಟ್ಟಕ್ಕೆ ಇಳಿದಾಗ ಕಮಲಾಪುರ, ಆಳಂದ, ಜೇವರ್ಗಿ, ಚಿತ್ತಾಪುರಗಳಂಥ ಹೋಗಿ ಬರುವ ಊರುಗಳೇ ಹೆಚ್ಚಾದವು. ದೂರ ಬದಲಿಸಿದ ವೇಷ ಇದೇ. ಹೆಣ್ಣುಮಕ್ಕಳ ತಂಡಗಳಿಗೆ ಸಂಜೆಯ ಪಂದ್ಯ ಇನ್ನೊಂದು ಚಿಂತೆ ತರುತ್ತದೆ: ಕೊನೆಯ ಕ್ವಾರ್ಟರಿನಲ್ಲಿ ಕಣ್ಣು ಸ್ಕೋರ್‌ಬೋರ್ಡಿನ ಮೇಲೆ, ಮನಸ್ಸು ಹಳ್ಳಿಯ ಕೊನೆಯ ಬಸ್ಸಿನ ಮೇಲೆ.

ಹೊತ್ತಿನ ಕೊರತೆ ಇದನ್ನು ಬಿಗಿಗೊಳಿಸುತ್ತದೆ. ಆಟದ ಗಡಿಯಾರ 40 ನಿಮಿಷದ್ದಾದರೂ ಅರ್ಧವಿರಾಮ, ಫೌಲು, ಟೈಮ್ ಔಟ್ ಸೇರಿ ಒಂದು ಪಂದ್ಯಕ್ಕೆ 90 ನಿಮಿಷ ಮೀಸಲಿಡಬೇಕು. 13 ಪಂದ್ಯಕ್ಕೆ 19 ಗಂಟೆ 30 ನಿಮಿಷ. ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಎರಡು ದಿನ ಆಡಿಸಿದರೂ ಒಂದು ಅಂಗಳದಲ್ಲಿ ಸಿಗುವುದು 18 ಗಂಟೆ. ಹೀಗಾಗಿ ಯಾರೋ ಒಬ್ಬರು ನೆತ್ತಿ ಸುಡುವ ಮಧ್ಯಾಹ್ನ ಸಿಮೆಂಟ್ ಅಂಗಳದಲ್ಲಿ ಆಡಲೇಬೇಕು, ಯಾರೋ ಒಬ್ಬರು ಕತ್ತಲಾದ ಮೇಲೆ. ಆ ಯಾರೋ ಯಾರು ಎಂಬುದನ್ನು ಚೀಟಿಗೆ ಬಿಡಬೇಕೇ ಎಂಬುದು ಪ್ರಶ್ನೆ.

5. ಅದೇ 13 ಪಂದ್ಯ, ಬೇರೆ ಹಂಚಿಕೆ

11 ತಂಡಗಳನ್ನು 3, 3, 3, 2ರಂತೆ ನಾಲ್ಕು ಗುಂಪು ಮಾಡೋಣ. ಗುಂಪಿನೊಳಗೆ ಎಲ್ಲರೂ ಎಲ್ಲರೊಡನೆ ಆಡಿದರೆ 3+3+3+1, ಅಂದರೆ 10 ಪಂದ್ಯ. ಗುಂಪಿಗೊಬ್ಬ ವಿಜೇತರಂತೆ ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು 13. ಖರ್ಚು, ಅಂಪೈರು, ಅಂಗಳ ಯಾವುದೂ ಹೆಚ್ಚಲಿಲ್ಲ.

ಸಮಬಲದ ತಂಡಗಳಲ್ಲಿ ಮೂವರ ಗುಂಪಿನವರಿಗೆ ಕೊನೆಯ ನಾಲ್ವರಲ್ಲಿ ಸೇರುವ ಸಾಧ್ಯತೆ 1/3, ಇಬ್ಬರ ಗುಂಪಿನವರಿಗೆ 1/2. ಅಂತರ ಇಮ್ಮಡಿಯಿಂದ ಒಂದೂವರೆ ಪಟ್ಟಿಗೆ ಇಳಿಯಿತು. ಹೆಚ್ಚೆಂದರೆ ಒಂದು ತಂಡ ಆಡುವ ಪಂದ್ಯಗಳು 5ರಿಂದ 4ಕ್ಕೆ ಇಳಿದವು. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ರೂಢಿಯ ಪದ್ಧತಿಯಲ್ಲಿ ಒಂದೇ ಪಂದ್ಯ ಆಡಿ ಮರಳುವ ತಂಡಗಳು ಕನಿಷ್ಠ 4, ಗರಿಷ್ಠ 7. ಗುಂಪು ಪದ್ಧತಿಯಲ್ಲಿ ಅಂಥದ್ದು ಒಂದೇ ಒಂದು. ಬೆಳಗಿನ ಜಾವ ಎದ್ದು ಬಂದ ತಂಡ ಮೂವರ ಗುಂಪಿನಲ್ಲಿದ್ದರೆ ಆಯ್ಕೆದಾರರ ಕಣ್ಣಿಗೆ ಎರಡು ಸಲವಾದರೂ ಬೀಳುತ್ತದೆ. 12 ತಂಡಗಳಿದ್ದರೆ ಮೂವರಂತೆ ನಾಲ್ಕು ಸಮ ಗುಂಪುಗಳಾಗಿ ಅಂತರವೇ ಅಳಿಯುತ್ತದೆ. ಆಗ ಪಂದ್ಯಗಳು 15, ರೂಢಿಯ ಪದ್ಧತಿಯಲ್ಲಿ 14. ಒಂದು ಪಂದ್ಯದ ಬೆಲೆಗೆ ಅದು ದುಬಾರಿಯಲ್ಲ.

ಮೂವರ ಗುಂಪಿಗೆ ಒಂದು ಕುತ್ತು ಉಂಟು. ಮೊದಲ ಪಂದ್ಯ ಗೆದ್ದವರು ಎರಡನೆಯದನ್ನೂ ಗೆದ್ದರೆ ಮೂರನೆಯ ಪಂದ್ಯಕ್ಕೆ ಅರ್ಥವೇ ಇರುವುದಿಲ್ಲ. ಅದಕ್ಕೆ ಮದ್ದು ಸರಳ: ಮೊದಲ ಪಂದ್ಯದಲ್ಲಿ ಸೋತವರನ್ನು ಮೂರನೆಯ ತಂಡದೊಡನೆ ಆಡಿಸಬೇಕು. ಆಗ ಕೊನೆಯ ಪಂದ್ಯದವರೆಗೂ ಗುಂಪಿನ ತೀರ್ಪು ಬಾಕಿ ಇರುತ್ತದೆ. ಸೋತವರಿಗೆ ಬಿಡುವು ಸಿಗಲು ಇತರ ಗುಂಪುಗಳ ಪಂದ್ಯಗಳನ್ನು ನಡುವೆ ಹೆಣೆಯಬೇಕು. ಮೂವರೂ ಒಂದೊಂದು ಗೆದ್ದರೆ ಅಂಕಗಳ ಅಂತರದಿಂದ ನಿರ್ಣಯ. ಈ ನಿಯಮವನ್ನು ಆಟಕ್ಕೆ ಮುನ್ನವೇ ಗೋಡೆಗೆ ಅಂಟಿಸಬೇಕು.

ಇನ್ನು ಹೊತ್ತಿನ ಹಂಚಿಕೆ. ಯಾರೊಡನೆ ಎಂಬುದನ್ನು ಚೀಟಿಗೆ ಬಿಡಬಹುದು, ಯಾವಾಗ ಎಂಬುದನ್ನು ಬಿಡಬಾರದು. ಮೊದಲ ದಿನದ ಮೊದಲ ಪಂದ್ಯಗಳು ನಗರದ ಮತ್ತು ತಂಗಿದ ತಂಡಗಳವು, ಹೋಗಿ ಬರುವ ತಂಡಗಳ ಆಟ 10.30ರ ನಂತರ. ಅವುಗಳ ಕೊನೆಯ ಪಂದ್ಯ ಸಂಜೆ 4.30ರೊಳಗೆ ಮುಗಿಯಬೇಕು. ಹೊತ್ತು ಮೀರಿದರೆ ತಂಗುವ ವ್ಯವಸ್ಥೆ ಆತಿಥೇಯರ ಹೊಣೆ. ಸುಡುವ ಮಧ್ಯಾಹ್ನದ ಸರದಿಯಲ್ಲಿ ಆತಿಥೇಯ ತಂಡಕ್ಕೂ ಪಾಲಿರಬೇಕು. ಇಬ್ಬರ ಗುಂಪಿನ ಜಾಗವನ್ನು ಸೀಡ್ ತಂಡಗಳಿಗೂ ಆತಿಥೇಯರಿಗೂ ಕೊಡಬಾರದು. ಸೀಡಿಂಗಿನ ಕೆಲಸ ಬಲಿಷ್ಠರನ್ನು ಬೇರೆ ಗುಂಪುಗಳಲ್ಲಿ ಇಡುವಲ್ಲಿಗೆ ಮುಗಿಯಬೇಕು.

6. ಆಕ್ಷೇಪಗಳು

ನಾಲ್ವರ ಲೀಗಿನಲ್ಲಿ ಅತ್ಯುತ್ತಮ ತಂಡ ಖಚಿತವಾಗಿ ಮೇಲೆ ಬರುತ್ತದೆ, ಸೆಮಿಫೈನಲಿನ ಒಂದು ಕೆಟ್ಟ ಗಂಟೆಗೆ ಅದು ಬಲಿಯಾಗುವುದಿಲ್ಲ ಎಂಬ ಆಕ್ಷೇಪ ತೂಕದ್ದು. ಒಪ್ಪಬೇಕಾದದ್ದೇ. ಆದರೆ ಪಂದ್ಯಾವಳಿಯ ಗುರಿ ಪ್ರಶಸ್ತಿ ಹಂಚುವುದೊಂದೇ ಆಗಿದ್ದರೆ ಈ ಮಾತು ನಿರ್ಣಾಯಕವಾಗುತ್ತಿತ್ತು. ವಿಶ್ವವಿದ್ಯಾಲಯದ ಹನ್ನೆರಡು ಆಟಗಾರರನ್ನು ಹುಡುಕುವುದೂ ಅದರ ಗುರಿ. ರೂಢಿಯ ಪದ್ಧತಿ ತನ್ನ 13 ಪಂದ್ಯಗಳಲ್ಲಿ 6ನ್ನು ನಾಲ್ಕೇ ತಂಡಗಳಿಗೆ ಮೀಸಲಿಡುತ್ತದೆ. ಲೀಗಿಗೂ ಅದರದೇ ರೋಗವಿದೆ: ಒಂದೇ ಅಂಗಳದಲ್ಲಿ ಕೊನೆಯ ಪಂದ್ಯ ಆಡುವವರಿಗೆ ಎಷ್ಟು ಅಂತರದಿಂದ ಗೆದ್ದರೆ ಸಾಕು ಎಂಬುದು ಮೊದಲೇ ಗೊತ್ತಿರುತ್ತದೆ. 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಇಂಥ ಅರಿವಿನಲ್ಲೇ ಆಡಿ ಅಲ್ಜೀರಿಯ ಹೊರಬಿದ್ದಿತು. ಆ ಬಳಿಕ ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲಕ್ಕೆ ಆಡಿಸುವ ಕ್ರಮ ಬಂತು. ಒಂದೇ ಅಂಗಳದಲ್ಲಿ ಆ ದಾರಿಯೂ ಇಲ್ಲ.

7. ತೀರ್ಮಾನ

ಪ್ರಾದೇಶಿಕ ಅಸಮತೋಲನ ಈ ಸೀಮೆಗೆ ಹೊಸ ಮಾತಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕನ್ನೇ ಅಳತೆಯ ಘಟಕವಾಗಿ ಹಿಡಿದು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು. ಜಿಲ್ಲೆಯ ಸರಾಸರಿಯೊಳಗೆ ಮುಚ್ಚಿಹೋಗುವುದು ತಾಲ್ಲೂಕಿನ ಲೆಕ್ಕದಲ್ಲಿ ಕಾಣುತ್ತದೆ ಎಂಬುದು ಅದರ ಪಾಠ. ಈ ಸೀಮೆಗೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿಯ ಬೇರೂ ಇಂಥದೇ ಅರಿವಿನಲ್ಲಿದೆ. ಡ್ರಾ ಹಾಳೆ ಇದರ ಮುಂದೆ ಚಿಕ್ಕ ಕಾಗದ. ಆದರೂ ಅದೇ ಪಾಠ ಅದಕ್ಕೂ ಸಲ್ಲುತ್ತದೆ. ಹಾಳೆಯ ಮೇಲೆ ಪ್ರತಿ ಕಾಲೇಜಿನ ಹೆಸರಿನ ಪಕ್ಕ ಇನ್ನೊಂದು ಕಾಲಂ ಎಳೆದು, ಆ ತಂಡದ ಆಟಗಾರರು ಬೆಳಗ್ಗೆ ಎಷ್ಟು ಗಂಟೆಗೆ ಮನೆ ಬಿಡಬೇಕು ಎಂದು ಬರೆದರೆ ಸಾಕು. ಆ ಕಾಲಂ ತುಂಬಿದ ಮೇಲೆ ಕಮಲಾಪುರದ ತಂಡವನ್ನು 9 ಗಂಟೆಯ ಪಂದ್ಯಕ್ಕೆ ಹಾಕಲು ಯಾವ ದೈಹಿಕ ಶಿಕ್ಷಣ ನಿರ್ದೇಶಕರ ಕೈಯೂ ಸುಲಭಕ್ಕೆ ಏಳಲಾರದು.