ತೊಟ್ಟಿಲ ಹಗ್ಗ ಹಿಡಿದ ಕೈ: ಮೈಸೂರಿನಲ್ಲಿ ಮಗುವಿನ ನಿದ್ದೆ ಮತ್ತು ಹಬ್ಬಗಳ ಇತಿಹಾಸ

ಮಗುವನ್ನು ಮಲಗಿಸುವುದು ಮತ್ತು ಮಗುವಿನ ಸುತ್ತ ಹಬ್ಬ ಮಾಡುವುದು ಎಂಬ ಎರಡು ಕೆಲಸಗಳು ಹಳೆಯ ಮೈಸೂರಿನ ಮನೆಗಳಲ್ಲಿ ಒಂದೇ ನಡುಮನೆಯಲ್ಲಿ, ಬಹುಮಟ್ಟಿಗೆ ಒಂದೇ ಹೆಂಗಸರ ಕೈಯಲ್ಲಿ ನಡೆಯುತ್ತಿದ್ದವು. ತೊಟ್ಟಿಲು ತೂಗುತ್ತಿದ್ದ ತೊಲೆಯ ಕೆಳಗೇ ನವರಾತ್ರಿಯ ಗೊಂಬೆಗಳ ಮೆಟ್ಟಿಲು ಏಳುತ್ತಿತ್ತು. ಅಲ್ಲಿಯೇ ಸಂಕ್ರಾಂತಿಯ ಸಂಜೆ ಮಗುವನ್ನು ಮಣೆಯ ಮೇಲೆ ಕೂರಿಸಿ ಎಲಚಿಹಣ್ಣು ಎರೆಯಲಾಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ತಾಯಂದಿರ ದುಡಿಮೆ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಮಗುವಿನ ಹಗಲೂ ಶಿಶುವಿಹಾರ, ಕಾರ್ಖಾನೆಯ ಶಿಶುಪಾಲನಾ ಕೊಠಡಿ, ಅಂಗನವಾಡಿಗಳತ್ತ ಸಾಗಿತು. ಈ ಪಯಣದಲ್ಲಿ ಹಬ್ಬ ಸಲೀಸಾಗಿ ಜೊತೆಗೆ ಬಂದಿತು. ನಿದ್ದೆ ಮಾತ್ರ ಬಹಳ ಕಾಲ ಹಿಂದೆಯೇ ಉಳಿಯಿತು. ಹಬ್ಬಕ್ಕೆ ಒಂದು ದಿನದ ಸಡಗರ ಸಾಕು, ಆದರೆ ನಿದ್ದೆಗೆ ದಿನವೂ ಎಚ್ಚರವಾಗಿ ಪಕ್ಕದಲ್ಲಿ ಕೂರುವ ಒಂದು ಜೀವ ಬೇಕು, ಮತ್ತು ಆ ಕೂರುವಿಕೆಯನ್ನು ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ.

ತೊಟ್ಟಿಮನೆ, ಅಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳವಿದ್ದು ಸುತ್ತಲೂ ಜಗಲಿ ಮತ್ತು ಕೋಣೆಗಳಿರುವ ಮನೆ, ಮೈಸೂರು ಸೀಮೆಯ ಅನುಕೂಲಸ್ಥರ ವಾಸದ ಸಾಮಾನ್ಯ ಮಾದರಿಯಾಗಿತ್ತು. ಇಂಥ ಮನೆಯ ತೊಲೆಗೆ ಬಡಿದ ಕಬ್ಬಿಣದ ಬಳೆಯಿಂದ ಸರಪಳಿ ಅಥವಾ ಹಗ್ಗ ಇಳಿಬಿಟ್ಟು ಮರದ ತೊಟ್ಟಿಲನ್ನು ಕಟ್ಟುತ್ತಿದ್ದರು. ಉತ್ತರದ ಕಲಘಟಗಿಯಲ್ಲಿ ಅರಗಿನ ಬಣ್ಣದ ಚಿತ್ರಗಳಿಂದ ತುಂಬಿದ ತೊಟ್ಟಿಲು ಹೆಸರಾಗಿದ್ದಂತೆ, ಮೈಸೂರಿಗೆ ಹತ್ತಿರದ ಚನ್ನಪಟ್ಟಣದಿಂದ ಹಾಲೆಮರವನ್ನು ಕಡೆದು ಅರಗು ಬಳಿದ ಗಿಲಕಿ, ಗೊಂಬೆಗಳು ತೊಟ್ಟಿಲಿನ ಮೇಲೆ ತೂಗಲು ಬರುತ್ತಿದ್ದವು. ಅಷ್ಟು ಅನುಕೂಲವಿಲ್ಲದವರ ಮನೆಯಲ್ಲಿ ಹಳೆಯ ನೂಲಿನ ಸೀರೆಯನ್ನು ಮಡಿಸಿ ಕಟ್ಟಿದ ಜೋಲಿಯೇ ತೊಟ್ಟಿಲು. ಬಡವರ ಜೋಲಿಯಲ್ಲಿ ಗಮನಿಸಬೇಕಾದ ಒಂದು ಜಾಣ್ಮೆಯಿದೆ: ಮಗುವಿನ ತಲೆಯ ಮೇಲ್ಭಾಗದಲ್ಲಿ ಬಟ್ಟೆಯ ಎರಡು ಅಂಚುಗಳ ನಡುವೆ ಗೇಣುದ್ದದ ಅಡ್ಡಕೋಲೊಂದನ್ನು ಸಿಕ್ಕಿಸುತ್ತಾರೆ, ಆ ಕೋಲು ಬಟ್ಟೆ ಕೂಡಿಕೊಂಡು ಮುಖ ಮುಚ್ಚದಂತೆ ತಡೆದು ಗಾಳಿಗೆ ದಾರಿ ಬಿಡುತ್ತದೆ. ಹಗ್ಗದ ಇನ್ನೊಂದು ತುದಿ ಅಜ್ಜಿಯ ಕೈಯಲ್ಲಿ, ಕೈಗೆ ಅಕ್ಕಿ ಆರಿಸುವ ಕೆಲಸವಿದ್ದರೆ ಕಾಲಿನ ಹೆಬ್ಬೆರಳಿನಲ್ಲಿ ಇರುತ್ತಿತ್ತು. ಹಗ್ಗ ಇರುವಷ್ಟು ದೂರಕ್ಕಿಂತ ಆಚೆಗೆ ಮಗುವನ್ನು ಬಿಟ್ಟು ಹೋಗುವಂತಿರಲಿಲ್ಲ ಎಂಬುದರಿಂದ, ತೂಗುವ ಹಗ್ಗವೇ ಕಾವಲಿನ ಹಗ್ಗವೂ ಆಗಿತ್ತು.

ನಾಮಕರಣದ ದಿನ ನಡೆಯುವ ತೊಟ್ಟಿಲು ಶಾಸ್ತ್ರದಲ್ಲಿ ಕೂಸಿಗಿಂತ ಮುಂಚೆ ಒಂದು ಗುಂಡುಕಲ್ಲನ್ನು ಅರಿಶಿನ ಕುಂಕುಮ ಹಚ್ಚಿ, ತೊಟ್ಟಿಲಲ್ಲಿ ಮಲಗಿಸಿ ತೂಗುವ ಪದ್ಧತಿ ಹಲವು ಸಮುದಾಯಗಳಲ್ಲಿದೆ. ಮಗು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು ಹಿರಿಯರು ಇದರ ಅರ್ಥ ಹೇಳುವರು. ಅರ್ಥ ಏನೇ ಇರಲಿ, ಮಗುವಿಗಿಂತ ಭಾರವಾದ ಒಂದು ವಸ್ತುವನ್ನು ಮೊದಲು ಹೊತ್ತು ತೂಗಿದ ತೊಟ್ಟಿಲಿನ ಬಳೆ, ಗಂಟು, ಹಗ್ಗಗಳ ಬಲ ಆ ಹೊತ್ತಿಗೆ ಎಲ್ಲರ ಕಣ್ಣೆದುರು ಪರೀಕ್ಷೆಯಾಗಿರುತ್ತದೆ. ಶಾಸ್ತ್ರವನ್ನು ಕಟ್ಟಿದವರ ಮನಸ್ಸಿನಲ್ಲಿ ಇದೇ ಇತ್ತೆಂದು ಸಾಧಿಸಲಾಗದು. ಆದರೆ ಆಚರಣೆ ಮತ್ತು ಎಚ್ಚರಿಕೆ ಒಂದೇ ಕ್ರಿಯೆಯಲ್ಲಿ ಸೇರಿರುವುದನ್ನು ಇಲ್ಲಿ ಕಾಣಬಹುದು.

ಮಲಗಿಸುವ ಭಂಗಿಗೆ ಕನ್ನಡದಲ್ಲಿ ಮೂರು ಮಾತುಗಳಿವೆ: ಬೆನ್ನ ಮೇಲೆ ಮಲಗುವುದು ಅಂಗಾತ, ಹೊಟ್ಟೆಯ ಮೇಲೆ ಮಲಗುವುದು ಬೋರಲು, ಪಕ್ಕಕ್ಕೆ ಮಲಗುವುದು ಮಗ್ಗುಲು. ತೊಟ್ಟಿಲಲ್ಲೂ ಜೋಲಿಯಲ್ಲೂ ಎಳೆಗೂಸನ್ನು ಮಲಗಿಸುತ್ತಿದ್ದುದು ಅಂಗಾತವಾಗಿ. ಪಶ್ಚಿಮದ ದೇಶಗಳಲ್ಲಿ ಇದಕ್ಕೆ ವಿರುದ್ಧವಾದ ಒಂದು ಅಧ್ಯಾಯ ನಡೆದುಹೋಯಿತು. ಅಂಗಾತ ಮಲಗಿದ ಮಗು ಕಕ್ಕಿದರೆ ಉಸಿರುಗಟ್ಟೀತು ಎಂಬ ಭಯದಿಂದ, ಅಲ್ಲಿನ ಶಿಶುಪಾಲನೆಯ ಜನಪ್ರಿಯ ಪುಸ್ತಕಗಳು 1950ರ ದಶಕದ ಕೊನೆಯ ಹೊತ್ತಿಗೆ ಬೋರಲು ಮಲಗಿಸುವುದೇ ಮೇಲೆಂದು ಸಾರತೊಡಗಿದವು. ಆರೋಗ್ಯವಾಗಿದ್ದ ಕೂಸು ಯಾವ ಕಾರಣವೂ ಸಿಗದಂತೆ ನಿದ್ದೆಯಲ್ಲೇ ತೀರಿಕೊಳ್ಳುವುದಕ್ಕೆ ಶಿಶುವಿನ ಹಠಾತ್ ಮರಣ ಎಂಬ ವೈದ್ಯಕೀಯ ಹೆಸರು 1969ರಲ್ಲಿ ನಿಂತಿತು; ಇಂಥ ಸಾವುಗಳಿಗೂ ಬೋರಲು ಭಂಗಿಗೂ ಇರುವ ನಂಟು ಅಧ್ಯಯನಗಳಲ್ಲಿ ಬಯಲಾದ ಮೇಲೆ 1987ರಲ್ಲಿ ನೆದರ್‌ಲ್ಯಾಂಡ್ಸ್, 1991ರಲ್ಲಿ ನ್ಯೂಜಿಲೆಂಡ್ ಮತ್ತು ಬ್ರಿಟನ್, 1994ರಲ್ಲಿ ಅಮೆರಿಕ ಅಂಗಾತ ಮಲಗಿಸಿರೆಂಬ ಪ್ರಚಾರ ಕೈಗೊಂಡವು, ಮತ್ತು ಮುಂದಿನ ವರ್ಷಗಳಲ್ಲಿ ಅಮೆರಿಕದಲ್ಲಿ ಈ ಬಗೆಯ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮೈಸೂರಿನ ಅಜ್ಜಿಯರು ಈ ಸುತ್ತುದಾರಿಯನ್ನು ಹಿಡಿಯಬೇಕಾಗಿ ಬರಲಿಲ್ಲ.

ಹಾಗೆಂದು ಹಳೆಯ ರೂಢಿಯೆಲ್ಲ ಸರಿಯಾಗಿತ್ತೆಂದು ಹೇಳಿದರೆ ಅದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ಇಂದಿನ ಮಕ್ಕಳ ವೈದ್ಯರು ಎಳೆಗೂಸಿಗೆ ಕೇಳುವುದು ಗಟ್ಟಿಯಾದ, ಮಟ್ಟಸವಾದ ಹಾಸು. ಜೋಲಿಯಾದರೋ ಬಿಲ್ಲಿನಂತೆ ಬಾಗುವುದರಿಂದ, ಕತ್ತು ನಿಲ್ಲದ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುವ ಅಪಾಯವಿದೆ. ತಲೆ ದುಂಡಗಾಗಲೆಂದು ರಾಗಿ ಅಥವಾ ಸಾಸಿವೆ ತುಂಬಿ ಹೊಲಿದು ಇಡುತ್ತಿದ್ದ ಪುಟ್ಟ ದಿಂಬು ಮೊದಲ ವರ್ಷದಲ್ಲಿ ಬೇಡವೆಂಬುದು ಈಗಿನ ತಿಳಿವಳಿಕೆ. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಸಾಂಬ್ರಾಣಿಯ ಹೊಗೆಯಲ್ಲಿ ಕೂದಲೊಣಗಿಸಿ, ಕುಲಾವಿ ಕಟ್ಟಿ ಬೆಚ್ಚಗೆ ಸುತ್ತಿ ಮಲಗಿಸುವ ಬಾಣಂತನದ ಕ್ರಮದಲ್ಲಿ ಎರೆಯುವ ಹೆಂಗಸಿನ ಕೈಯ ಹದ ಎಷ್ಟೇ ಹಿತವಾಗಿದ್ದರೂ, ಆ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮೈ ಅತಿಯಾಗಿ ಕಾಯುವುದೂ ಒಳ್ಳೆಯದಲ್ಲ. ಎಲ್ಲಕ್ಕಿಂತ ಸೂಕ್ಷ್ಮವಾದುದು ಮಗು ಮೊದಲ ಬಾರಿ ಬೋರಲು ಬೀಳುವ ಘಟ್ಟ. ಮನೆಯವರು ಸಿಹಿ ಮಾಡಿ ಸಂತೋಷಪಡುವ ಆ ದಿನ ಬರುವ ಮುನ್ನ, ಮಗು ಮಗುಚಲು ಯತ್ನಿಸತೊಡಗಿದಾಗಲೇ ಬಿಗಿಯಾಗಿ ಬಟ್ಟೆ ಸುತ್ತುವುದನ್ನು ಬಿಡಬೇಕು. ಮಗುಚಿಕೊಳ್ಳಲು, ಎದ್ದು ಕೂರಲು ಕಲಿತ ಮಗುವಿಗೆ ಜೋಲಿಯಿಂದ ಬೀಳುವ, ಹಗ್ಗಕ್ಕೆ ಕೊರಳು ಸಿಕ್ಕುವ ಅಪಾಯ ಅಲ್ಲಿಂದ ಮುಂದೆ ಆರಂಭವಾಗುತ್ತದೆ.

ಮಗುವನ್ನು ಮನೆಯಾಚೆಗಿನ ಕಣ್ಣು ನೋಡತೊಡಗಿದ್ದು ಮೈಸೂರಿನಲ್ಲಿ ಮೊದಲು ಆಸ್ಪತ್ರೆಯ ಮೂಲಕ. 1906ರಲ್ಲಿ ಆರಂಭವಾದ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳನ್ನು ಜೋಪಾನವಾಗಿ ಉಳಿಸಿಕೊಂಡಿತು. ಹುಟ್ಟಿನ ತೂಕಕ್ಕೂ ನಡುವಯಸ್ಸಿನ ಹೃದ್ರೋಗ, ಮಧುಮೇಹಗಳಿಗೂ ಇರುವ ಸಂಬಂಧವನ್ನು 1990ರ ದಶಕದಲ್ಲಿ ಅರಸಿದ ಸಂಶೋಧಕರಿಗೆ ಈ ಹಳೆಯ ಪುಸ್ತಕಗಳೇ ಆಧಾರವಾದವು. ಅಳೆದು ಬರೆದಿಡುವ ಈ ಕಾಳಜಿ ಹೆರಿಗೆಯ ಕೊಠಡಿಗೆ ಬಂದಷ್ಟು ಬೇಗ ದುಡಿಯುವ ತಾಯಿಯ ಕೂಸಿನ ಹಗಲಿಗೆ ಬರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವೆಡೆ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿ ಬೆಳಕಿನ ಶಿಶುಪಾಲನಾ ಕೊಠಡಿಯೊಂದನ್ನು ಕಡ್ಡಾಯ ಮಾಡಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಆದರೆ ಮೈಸೂರಿನಲ್ಲಿ ಹೆಂಗಸರ ದುಡಿಮೆಯ ದೊಡ್ಡ ಪಾಲು ಕಾರ್ಖಾನೆಯ ಗೇಟಿನೊಳಗೆ ಇರಲಿಲ್ಲ. ಬೀಡಿ ಕಟ್ಟುವವರು, ಊದುಬತ್ತಿ ಹೊಸೆಯುವವರು ತಮ್ಮ ಮನೆಯ ನೆಲದ ಮೇಲೆಯೇ ಕೂತು ದುಡಿದರು. ಮೊರದಲ್ಲಿ ತಂಬಾಕಿನ ಪುಡಿ, ಪಕ್ಕದಲ್ಲಿ ಜೋಲಿ, ನಡುವೆ ತಾಯಿ: ಕಾಯ್ದೆಯ ಕಣ್ಣಿಗೆ ಅದು ಮನೆಯಾಗಿತ್ತೇ ಹೊರತು ಕೆಲಸದ ಜಾಗವಾಗಿರಲಿಲ್ಲ. ಈ ಅನ್ಯಾಯವನ್ನು ಹೇಳದೆ ಮೈಸೂರಿನ ಶಿಶುಪಾಲನೆಯ ಚರಿತ್ರೆ ಪೂರ್ತಿಯಾಗದು.

ಮಕ್ಕಳನ್ನು ಒಂದೆಡೆ ಸೇರಿಸುವ ಶಿಕ್ಷಣದ ಧಾರೆ ಬೇರೆ ದಿಕ್ಕಿನಿಂದ ಹರಿದು ಬಂದಿತು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ತೆರೆದ ಬಾಲಮಂದಿರ, 1939ರಲ್ಲಿ ಭಾರತಕ್ಕೆ ಬಂದ ಮರಿಯಾ ಮಾಂಟೆಸೊರಿ ಅವರ ತರಬೇತಿ, ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿಯಲ್ಲಿ ನಡೆಸಿದ ಪ್ರಯೋಗ ಇವೆಲ್ಲ ದಕ್ಷಿಣದ ಶಿಶುವಿಹಾರಗಳನ್ನೂ ರೂಪಿಸಿದವು. ತಾರಾಬಾಯಿಯವರು ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲೆಂದು ಕೇರಿಯ ಅಂಗಳದಲ್ಲಿ ಪಾಠ ನಡೆಸಿದ್ದರಿಂದ ಹುಟ್ಟಿದ ಮಾತು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಕಾವೇರಿ, ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರ. ಹೀಗೆ ರಾಜ್ಯದ ಅಂಗನವಾಡಿಯ ಚರಿತ್ರೆ ಮೈಸೂರು ಜಿಲ್ಲೆಯಲ್ಲೇ ಮೊದಲಾಯಿತು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವಿಕೆ, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಯೋಜನೆ ಹೆಸರಿಸಿತು. ನಿದ್ದೆ ಆ ಪಟ್ಟಿಯಲ್ಲಿರಲಿಲ್ಲ. ಕೇಂದ್ರದಲ್ಲಿ ಹಗಲು ಕಳೆಯುವ ಹಕ್ಕು ಮೂರು ವರ್ಷ ದಾಟಿದ ಮಕ್ಕಳದಾಗಿದ್ದು, ಅದಕ್ಕಿಂತ ಚಿಕ್ಕವರಿಗೆ ಆಹಾರ ಮನೆಗೆ ಹೋಗುತ್ತಿತ್ತು. ನಿದ್ದೆಯಲ್ಲಿ ಅತಿ ಹೆಚ್ಚು ಅಪಾಯವಿರುವ ಮೊದಲ ಆರು ತಿಂಗಳ ಕೂಸು ಯಾರ ಸುಪರ್ದಿಗೂ ಬಾರದೆ ಮನೆಯಲ್ಲೇ ಉಳಿಯಿತು.

ಆದರೂ ಮಕ್ಕಳಿದ್ದ ಮೇಲೆ ನಿದ್ದೆ ಇದ್ದೇ ಇರುತ್ತದೆ. ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಮುಗಿದು, ತಟ್ಟೆಗಳು ತೊಳೆಯಲು ಹೋದ ಮೇಲೆ ಸಹಾಯಕಿ ಕೊಠಡಿ ಗುಡಿಸಿ ಜಮಖಾನ ಹಾಸುತ್ತಾಳೆ. ಮಕ್ಕಳು ಬೀಳುವ ಭಯವಿಲ್ಲದ ನೆಲದ ಮೇಲೆ, ದಿಂಬಿಲ್ಲದೆ, ಮೇಲೆ ಹೊದಿಕೆಯಿಲ್ಲದೆ ಸಾಲಾಗಿ ಮಲಗುತ್ತಾರೆ. ಬಡತನದ ಗುರುತೆಂದು ಮರುಕದಿಂದ ನೋಡಲಾಗುವ ಈ ಹಾಸು, ಗಟ್ಟಿ, ಮಟ್ಟಸ, ಬರಿದು ಎಂಬ ಮೂರು ಮಾತಿಗೂ ಸಲ್ಲುತ್ತದೆ. ಮೆತ್ತೆ, ದಿಂಬು, ಬಟ್ಟೆಯ ಗೊಂಬೆಗಳಿಂದ ತುಂಬಿದ ದುಬಾರಿ ಮಂಚ ಈ ಲೆಕ್ಕದಲ್ಲಿ ಅದಕ್ಕಿಂತ ಹಿಂದೆ ನಿಲ್ಲುತ್ತದೆ. ಕೊರತೆಯಿರುವುದು ಹಾಸಿನಲ್ಲಿ ಅಲ್ಲ, ಕಣ್ಣುಗಳಲ್ಲಿ. ಮಕ್ಕಳು ಮಲಗಿದ ಹೊತ್ತನ್ನೇ ಹಾಜರಿ, ದಾಸ್ತಾನು, ತೂಕದ ಪುಸ್ತಕಗಳನ್ನು ತುಂಬುವ ಹೊತ್ತನ್ನಾಗಿ ಮಾಡಿಕೊಳ್ಳಬೇಕಾದ ಕಾರ್ಯಕರ್ತೆಯ ಕಣ್ಣು ಪುಸ್ತಕದ ಮೇಲಿರುವುದು ಅವಳ ತಪ್ಪಲ್ಲ.

ಹಬ್ಬಗಳ ಸಂಗತಿ ಬೇರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿ, ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿಗೆ ಬಂದ ದಸರೆ ಊರಿನ ದೊಡ್ಡವರಿಗೆ ಜಂಬೂಸವಾರಿಯಾದರೆ ಮಕ್ಕಳಿಗೆ ಗೊಂಬೆಹಬ್ಬವಾಗಿತ್ತು. ಅರಮನೆಯಲ್ಲಿ ಗೊಂಬೆತೊಟ್ಟಿ ಎಂಬ ಹೆಸರಿನ ಅಂಕಣವೇ ಇದೆ. ಮನೆಗಳಲ್ಲಿ ಮದುವೆಯ ಹೊತ್ತಿಗೆ ತವರಿನಿಂದ ಬಂದ ಮರದ ಜೋಡಿ, ಅಂದರೆ ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಸಂಜೆ ಆರತಿ ಎತ್ತಿ, ಗೊಂಬೆ ಕೂರಿಸಿದ್ದೀರಾ ಎಂದು ಕೇಳುತ್ತ ಬಾಗಿಲಿಗೆ ಬರುವ ಕೇರಿಯ ಮಕ್ಕಳ ಕೈಗೆ ಚರುಪು ಎಂಬ ತಿನಿಸು ಹಂಚುತ್ತಿದ್ದರು. ಯಾವ ಬಾಗಿಲು ಯಾವ ಮಗುವಿಗೆ ತೆರೆಯುತ್ತಿತ್ತು ಎಂಬುದನ್ನು ಮಾತ್ರ ಜಾತಿ ನಿರ್ಧರಿಸುತ್ತಿತ್ತು. ಶಿಶುವಿಹಾರದಲ್ಲಿ, ಮುಂದೆ ಅಂಗನವಾಡಿಯಲ್ಲಿ ಬೆಂಚಿನ ಮೇಲೆ ಬೆಂಚಿಟ್ಟು ಹಳೆಯ ಸೀರೆ ಹೊದಿಸಿ ಮಾಡಿದ ಮೆಟ್ಟಿಲುಗಳಿಗೆ ಅಂಥ ಬಾಗಿಲಿರಲಿಲ್ಲ. ಮಕ್ಕಳೇ ಮಾಡಿದ ಮಣ್ಣಿನ ಆನೆ, ಬೆಂಕಿಪೊಟ್ಟಣದ ಬಂಡಿ ಅಲ್ಲಿ ಪಟ್ಟದ ಗೊಂಬೆಯ ಪಕ್ಕ ಕೂತವು.

ಸಂಕ್ರಾಂತಿಯಲ್ಲಿ ನಿದ್ದೆ ಮತ್ತು ಹಬ್ಬ ಮತ್ತೆ ಎದುರಾಗುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೆ ಹೊಸಬಟ್ಟೆ ತೊಡಿಸಿ, ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸುಗಳನ್ನು ಪಾವಿನಲ್ಲಿ ತುಂಬಿ ತಲೆಯ ಮೇಲಿಂದ ಎರೆಯುವುದು ದೃಷ್ಟಿ ನಿವಾಳಿಸುವ ಕ್ರಮ; ನೆಲಕ್ಕೆ ಉರುಳಿದ ಹಣ್ಣು ಮತ್ತು ಕಾಸಿಗೆ ಉಳಿದ ಮಕ್ಕಳು ಮುಗಿಬೀಳುವುದೇ ಅದರ ಸೊಗಸು. ಎಲಚಿಯ ಬೀಜವಾಗಲಿ, ಎಳ್ಳುಬೆಲ್ಲದೊಳಗಿನ ಕಡಲೆಕಾಯಿ ಬೀಜವಾಗಲಿ, ಸಣ್ಣ ನಾಣ್ಯವಾಗಲಿ ದವಡೆ ಹಲ್ಲು ಪೂರ್ತಿ ಬಾರದ ಮಗುವಿನ ಗಂಟಲಿಗೆ ಅಪಾಯವೆಂಬುದು ಮನೆಯಲ್ಲಿ ಒಂದು ಮಗುವಿಗೆ ನಾಲ್ಕು ಜನ ದೊಡ್ಡವರಿದ್ದಾಗ ದೊಡ್ಡ ಮಾತಾಗಿರಲಿಲ್ಲ. ಇಪ್ಪತ್ತು ಮಕ್ಕಳಿಗೆ ಇಬ್ಬರಿರುವ ಕೊಠಡಿಯಲ್ಲಿ ಅದು ದೊಡ್ಡ ಮಾತಾಗುತ್ತದೆ. ಆದ್ದರಿಂದಲೇ ಕಡಲೆಕಾಯಿಯನ್ನು ಹುರಿದು ಕುಟ್ಟಿ ಪುಡಿಯಾಗಿ ಬೆರೆಸುವುದು, ಎಲಚಿಯ ಬದಲು ಬಿಡಿಹೂವು ಎರೆಯುವುದು, ಹಬ್ಬದ ದಿನ ಜಮಖಾನದ ಮೇಲೆ ಮಲಗುವ ಮುಂಚೆ ಒಬ್ಬೊಬ್ಬರಿಂದಲೂ ಆ ಎನ್ನಿಸಿ ಬಾಯಿ ನೋಡುವುದು ಇವೆಲ್ಲ ಹಬ್ಬವನ್ನು ಕುಂದಿಸುವ ಕ್ರಮಗಳಲ್ಲ. ಗುಂಡುಕಲ್ಲನ್ನು ಮೊದಲು ತೂಗಿದ ಹೆಂಗಸರಿಗೆ ಇವು ಪರಕೀಯವೆನಿಸುತ್ತಿರಲಿಲ್ಲ.

2018ರ ಮಾರ್ಚ್‌ನಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಪೌಷ್ಟಿಕತೆಯ ಕಾರ್ಯಕ್ರಮವಾದ ಪೋಷಣ್ ಅಭಿಯಾನ ಸೀಮಂತ, ಅನ್ನಪ್ರಾಶನಗಳನ್ನು ಅಂಗನವಾಡಿಯ ಕಾರ್ಯಕ್ರಮಗಳನ್ನಾಗಿಯೇ ಮಾಡಿತು. ನಿದ್ದೆಗೆ ಜಾಗ ದೊರೆತದ್ದು ಇನ್ನೂ ಈಚೆಗೆ. ಮಹಿಳೆಯರಿಗಾಗಿನ ಮಿಷನ್ ಶಕ್ತಿ ಕಾರ್ಯಕ್ರಮದಡಿ 2022ರಲ್ಲಿ ರೂಪುಗೊಂಡ ಕೇಂದ್ರ ಸರ್ಕಾರದ ಶಿಶುಪಾಲನಾ ಯೋಜನೆಯ ಪಾಲ್ನಾ ಎಂಬ ಹೆಸರಿಗೆ ಹಿಂದಿಯಲ್ಲಿ ತೊಟ್ಟಿಲೆಂದೇ ಅರ್ಥ. 2023ರಲ್ಲಿ ಕರ್ನಾಟಕ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಪ್ರಕಟಿಸಿತು; ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳು ಇಲ್ಲಿ ಹಗಲು ಕಳೆಯುತ್ತಾರೆ. ಅವರನ್ನು ನೋಡಿಕೊಳ್ಳಲು ತರಬೇತಿ ಪಡೆಯುವವರು ಅದೇ ಊರಿನ, ಉದ್ಯೋಗ ಚೀಟಿ ಹೊಂದಿದ ಹೆಂಗಸರು. ಒಬ್ಬಳು ಕೆರೆಯ ಹೂಳೆತ್ತುತ್ತಿರುವಾಗ ಇನ್ನೊಬ್ಬಳು ಅವಳ ಮಗುವಿನ ತೊಟ್ಟಿಲು ತೂಗುತ್ತಾಳೆ, ಮತ್ತು ಆ ತೂಗುವ ಕೈಗೂ ದಿನದ ಕೂಲಿ ಸಲ್ಲುತ್ತದೆ.